ಕಲ್ಯಾಣ ಅರ್ಥಶಾಸ್ತ್ರ ಮತ್ತು ಅಪೂರ್ಣ ಮಾರುಕಟ್ಟೆ: ತುಮಕೂರು, ಗುಬ್ಬಿ, ಕುಣಿಗಲ್ ಪರಿಸರದ ಕೊಬ್ಬರಿಯನ್ನು ಮುಂದಿಟ್ಟುಕೊಂಡು

‘ಕಲ್ಯಾಣ’ ಎಂಬ ಪದಕ್ಕೆ ಕನ್ನಡದಲ್ಲಿ ಹಲವು ಅರ್ಥಛಾಯೆಗಳಿವೆ. ಮಂಗಳ, ಮದುವೆ ಎಂಬ ಬಳಕೆಯ ಅರ್ಥಗಳ ಜೊತೆಗೆ ಹನ್ನೆರಡನೆಯ ಶತಮಾನದ ಶರಣರ ಊರಾದ ಕಲ್ಯಾಣದ ನೆನಪೂ ಅದಕ್ಕೆ ಅಂಟಿಕೊಂಡಿದೆ. ಅರ್ಥಶಾಸ್ತ್ರವು ವಿಶ್ವವಿದ್ಯಾಲಯಗಳ ಪಠ್ಯವಾಗಿ ಕನ್ನಡಕ್ಕೆ ಬಂದಾಗ ‘ವೆಲ್‌ಫೇರ್’ ಎಂಬುದಕ್ಕೆ ಈ ಪದವನ್ನೇ ಆರಿಸಿಕೊಳ್ಳಲಾಯಿತು. ಆಯ್ಕೆ ಸುಲಭವಾಗಿ ನೆಲೆಗೊಂಡಿತಾದರೂ ಅದರಿಂದ ಒಂದು ತೊಡಕೂ ಉಂಟಾಯಿತು. ‘ಕಲ್ಯಾಣ ಕಾರ್ಯಕ್ರಮ’ ಎಂದ ಕೂಡಲೇ ಸರ್ಕಾರ ಕೊಡುವ ನೆರವು ಎಂಬ ಅರ್ಥವೇ ಮುಂದೆ ಬರುತ್ತದೆ. ಕಲ್ಯಾಣ ಅರ್ಥಶಾಸ್ತ್ರವು ಕೇಳುವ ಪ್ರಶ್ನೆ ಬೇರೆ: ಒಂದು ವ್ಯವಸ್ಥೆಯಿಂದ ಇನ್ನೊಂದು ವ್ಯವಸ್ಥೆಗೆ ಸಮಾಜವು ಸಾಗಿದಾಗ ಯಾರ ಸ್ಥಿತಿ ಉತ್ತಮವಾಯಿತು, ಯಾರದು ಹದಗೆಟ್ಟಿತು, ಮತ್ತು ಒಟ್ಟಿನಲ್ಲಿ ಅದನ್ನು ಏಳಿಗೆ ಎನ್ನಬಹುದೇ? ಈ ದೃಷ್ಟಿಯಿಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಕನ್ನಡದ ದಿನಬಳಕೆಯಲ್ಲಿಯೂ ಇರುವ ‘ಯೋಗಕ್ಷೇಮ’ ಎಂಬ ಪದವೇ ಹೆಚ್ಚು ಸಮರ್ಪಕ. ದೊರೆಯದಿರುವುದನ್ನು ಪಡೆಯುವುದು ಯೋಗ; ದೊರೆತುದನ್ನು ಉಳಿಸಿಕೊಳ್ಳುವುದು ಕ್ಷೇಮ. ಇವೆರಡೂ ಒಂದೇ ಅಲ್ಲವೆಂಬುದು ಮುಂದಿನ ಚರ್ಚೆಗೆ ಮುಖ್ಯವಾದುದು.

ಪ್ರಸ್ತುತ ಲೇಖನವು ಈ ಸಿದ್ಧಾಂತವನ್ನು ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಬೆಳೆಗಾರರು ಎದುರಿಸುವ ಮಾರುಕಟ್ಟೆಗಳಿಗೆ, ಮುಖ್ಯವಾಗಿ ಕೊಬ್ಬರಿಗೆ, ಅನ್ವಯಿಸಿ ನೋಡುತ್ತದೆ. ಮಾರುಕಟ್ಟೆ ಅಪೂರ್ಣವಾಗಿದೆ ಎಂದು ಹೇಳಿದ ಮಾತ್ರಕ್ಕೆ ಯಾವ ನೀತಿ ಸರಿ ಎಂಬುದು ತೀರ್ಮಾನವಾಗುವುದಿಲ್ಲ. ಯಾವ ಬಗೆಯ ಅಪೂರ್ಣತೆ ಎಂಬುದನ್ನು ಗುರುತಿಸದೆ ಕೈಗೊಂಡ ಕ್ರಮವು ಉದ್ದೇಶಕ್ಕೆ ವಿರುದ್ಧವಾದ ಫಲವನ್ನೂ ಕೊಡಬಲ್ಲದು ಎಂಬುದು ಇಲ್ಲಿನ ಪ್ರಮೇಯ.

ಸಿದ್ಧಾಂತದ ನೆಲೆ

ಈ ಚಿಂತನೆಗೆ ಸ್ಪಷ್ಟ ರೂಪ ದೊರೆತುದು 1920ರಲ್ಲಿ ಪ್ರಕಟವಾದ ಎ. ಸಿ. ಪಿಗೂ ಅವರ ಗ್ರಂಥದಿಂದ. ಅದಕ್ಕೂ ಮುನ್ನ ಇಟಲಿಯ ಪರೆಟೊ ಅವರು, ಯಾರೊಬ್ಬರ ಸ್ಥಿತಿಯನ್ನೂ ಹದಗೆಡಿಸದೆ ಮತ್ತೊಬ್ಬರ ಸ್ಥಿತಿಯನ್ನು ಉತ್ತಮಗೊಳಿಸಲು ಸಾಧ್ಯವಿಲ್ಲದ ಹಂತವನ್ನು ಮಾನದಂಡವಾಗಿ ಸೂಚಿಸಿದ್ದರು. ಈ ಮಾನದಂಡ ನಿರ್ದುಷ್ಟವಾಗಿ ಕಂಡರೂ ಆಡಳಿತಕ್ಕೆ ಉಪಯೋಗವಾಗುವುದು ಕಡಿಮೆ. ರಸ್ತೆ, ತೆರಿಗೆ, ಬೆಂಬಲ ಬೆಲೆ ಇವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಯಾರಾದರೊಬ್ಬರಿಗೆ ನಷ್ಟವಾಗದೆ ಇರುವುದಿಲ್ಲ. ಆದುದರಿಂದ 1939ರಲ್ಲಿ ಕಾಲ್ಡೋರ್ ಮತ್ತು ಹಿಕ್ಸ್ ಇನ್ನೊಂದು ಪರೀಕ್ಷೆಯನ್ನು ಮುಂದಿಟ್ಟರು. ಲಾಭ ಪಡೆದವರು ನಷ್ಟ ಹೊಂದಿದವರಿಗೆ ಪರಿಹಾರ ಕೊಟ್ಟ ಮೇಲೂ ಲಾಭದಲ್ಲಿಯೇ ಉಳಿಯುವಂತಿದ್ದರೆ ಆ ಬದಲಾವಣೆಯನ್ನು ಏಳಿಗೆಯೆಂದು ಪರಿಗಣಿಸಬಹುದು ಎಂಬುದು ಅದರ ಸಾರ. ಇಲ್ಲಿ ಪರಿಹಾರವನ್ನು ನಿಜವಾಗಿ ಕೊಡಬೇಕೆಂಬ ನಿಬಂಧನೆಯಿಲ್ಲ. ಕೊಡಲು ಸಾಧ್ಯವಿದ್ದರೆ ಸಾಕು. ಸಾಲಕ್ಕೆ ಹೆದರಿ ಅಗ್ಗದ ದರಕ್ಕೆ ಕೊಬ್ಬರಿ ಮಾರಿದವನಿಗೆ ಈ ‘ಸಾಧ್ಯತೆ’ಯಿಂದ ಆಗುವ ಪ್ರಯೋಜನವೇನು ಎಂಬ ಪ್ರಶ್ನೆ ಸಹಜವಾದುದೇ ಆಗಿದೆ.

ಮಾರುಕಟ್ಟೆಯಲ್ಲಿ ಪೂರ್ಣ ಪೈಪೋಟಿ ಇದ್ದರೆ, ಎಲ್ಲರಿಗೂ ಮಾಹಿತಿ ಇದ್ದರೆ, ಸಾಲವೂ ವಿಮೆಯೂ ಬೇಕಾದಂತೆ ದೊರೆಯುವಂತಿದ್ದರೆ ಬೆಲೆಯೇ ಪರೆಟೊ ಹಂತಕ್ಕೆ ಕೊಂಡೊಯ್ಯುತ್ತದೆ ಎಂಬುದನ್ನು 1950ರ ದಶಕದಲ್ಲಿ ಆ್ಯರೊ ಮತ್ತು ಡೆಬ್ರೂ ಗಣಿತದ ಮೂಲಕ ಸಾಧಿಸಿದರು. ಈ ‘ಇದ್ದರೆ’ಗಳಲ್ಲಿ ಒಂದೂ ಸಂಪೂರ್ಣವಾಗಿ ಈಡೇರದ ಲೋಕದಲ್ಲಿ ಏನು ಮಾಡಬೇಕು? ಒಂದೊಂದು ಕುಂದನ್ನಾಗಿ ನಿವಾರಿಸುತ್ತಾ ಹೋದರೆ ಆದರ್ಶಕ್ಕೆ ಹತ್ತಿರವಾಗುತ್ತೇವೆ ಎಂಬುದು ಸಾಮಾನ್ಯ ಅಭಿಪ್ರಾಯ. 1956ರಲ್ಲಿ ಲಿಪ್ಸಿ ಮತ್ತು ಲ್ಯಾಂಕಾಸ್ಟರ್ ಇದು ತಪ್ಪೆಂದು ತೋರಿಸಿದರು. ಹಲವು ಕುಂದುಗಳಿರುವಲ್ಲಿ ಒಂದನ್ನು ಮಾತ್ರ ತೆಗೆದರೆ ಯೋಗಕ್ಷೇಮ ಹೆಚ್ಚಬಹುದು, ಕುಗ್ಗಲೂಬಹುದು. ಏಕೆಂದರೆ ಒಂದು ಕುಂದು ಇನ್ನೊಂದರ ಹಾನಿಯನ್ನು ತಡೆದು ನಿಂತಿರುವ ಸಾಧ್ಯತೆಯಿರುತ್ತದೆ. ‘ಎರಡನೆಯ ಉತ್ತಮ’ದ ಸಿದ್ಧಾಂತವೆಂದು ಕರೆಯಲಾಗುವ ಇದು ಕರ್ನಾಟಕದ ಕೃಷಿ ಮಾರುಕಟ್ಟೆಯ ಇತ್ತೀಚಿನ ಚರಿತ್ರೆಯನ್ನು ಅರಿಯಲು ಬಹಳ ನೆರವಾಗುತ್ತದೆ.

ಅಟ್ಟ, ಮುಂಗಡ ಮತ್ತು ಬೆಲೆ

ಗುಬ್ಬಿಯು ಇಂದು ನಾಟಕ ಕಂಪನಿಯ ಹೆಸರಿನಿಂದ ನಾಡಿಗೆಲ್ಲ ಪರಿಚಿತ. ಆದರೆ 1800–01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್‌ನ ವರದಿಯಲ್ಲಿಯೂ, ಮುಂದೆ ಬಿ. ಎಲ್. ರೈಸ್ ಅವರ ಗ್ಯಾಸೆಟಿಯರಿನಲ್ಲಿಯೂ ಅದು ಕಾಣಿಸಿಕೊಳ್ಳುವುದು ವ್ಯಾಪಾರದ ಊರಾಗಿ. ಈ ಸೀಮೆಯ ಅಡಿಕೆ, ತೆಂಗು ದೂರದ ಪೇಟೆಗಳನ್ನು ನಂಬಿ ಬೆಳೆದ ಬೆಳೆಗಳು. ದೂರದ ಪೇಟೆ ಎಂದರೆ ನಡುವೆ ವರ್ತಕನಿದ್ದಾನೆ ಎಂದೇ ಅರ್ಥ.

ತುಮಕೂರು ಜಿಲ್ಲೆಯ ಕೊಬ್ಬರಿಯು ಕೇರಳದಲ್ಲಿ ಎಣ್ಣೆಗೆಂದು ಒಣಗಿಸುವ ಹೋಳು ಕೊಬ್ಬರಿಯಲ್ಲ. ಇಲ್ಲಿಯದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷ ಬಿಡಲಾಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯನ್ನು ಅಲುಗಾಡಿಸಿದರೆ ಸದ್ದಾಗುವಾಗ ಸುಲಿದು, ಚಿಪ್ಪು ಒಡೆದು ಇಡಿಯಾದ ಉಂಡೆಯನ್ನು ತೆಗೆಯುತ್ತಾರೆ. ತಿನ್ನುವುದಕ್ಕೂ ಸಿಹಿ ತಿಂಡಿಗೂ ಪೂಜೆಗೂ ಉತ್ತರ ಭಾರತದ ಪೇಟೆಗಳಿಗೆ ಹೋಗುವ ಈ ಸರಕಿಗೆ ತಿಪಟೂರು ಮಾರುಕಟ್ಟೆಯ ಹರಾಜಿನ ದರವೇ ಎಲ್ಲೆಡೆಗೂ ಆಧಾರ. ಗುಬ್ಬಿ, ಕುಣಿಗಲ್ಲಿನ ಹಳ್ಳಿಗಳಲ್ಲಿಯೂ ಮಾತು ಆರಂಭವಾಗುವುದು ‘ತಿಪಟೂರಿನಲ್ಲಿ ಎಷ್ಟಾಯಿತು’ ಎಂಬಲ್ಲಿಂದ.

ಆರ್ಥಿಕ ದೃಷ್ಟಿಯಿಂದ ನೋಡಿದರೆ ಅಟ್ಟವು ಒಂದು ಉಗ್ರಾಣವೂ ಹೌದು, ಉಳಿತಾಯದ ಖಾತೆಯೂ ಹೌದು. ಒಂದು ವರ್ಷದ ಫಸಲನ್ನು ಹಣವಾಗಿಸದೆ ಕಾಯಬಲ್ಲವನು ಮಾತ್ರ ಕೊಬ್ಬರಿಯ ಬೆಳೆಗಾರನಾಗುತ್ತಾನೆ. ಕಾಯಲಾರದವನಿಗೆ ಎರಡು ದಾರಿಗಳಿವೆ. ಕಾಯಿಯಾಗಿಯೋ ಎಳನೀರಾಗಿಯೋ ಮಾರುವುದು ಒಂದು. ಕುಣಿಗಲ್ ಕಡೆಯವರಿಗೆ ಮದ್ದೂರಿನ ಎಳನೀರು ಮಾರುಕಟ್ಟೆ, ಬೆಂಗಳೂರಿನ ಬೇಡಿಕೆ ಸಮೀಪದಲ್ಲಿವೆ. ಇನ್ನೊಂದು, ಊರಿನ ವರ್ತಕನಿಂದ ಮುಂಗಡ ಪಡೆದು ಕೊಬ್ಬರಿಯನ್ನು ಅವನಿಗೇ ಹಾಕುವುದು. ಮುಂಗಡವೆಂಬುದು ಸಾಲ, ಖರೀದಿ, ಪರಿಚಯದ ಉಪಕಾರ ಇವೆಲ್ಲ ಬೆರೆತ ಸಂಬಂಧ. ಬ್ಯಾಂಕಿನಲ್ಲಿ ಸಿಗದ ಸಮಯಕ್ಕೆ ಹಣ ಸಿಕ್ಕಿತೆಂಬ ಕೃತಜ್ಞತೆಯೂ, ಬೇರೆಯವರಿಗೆ ಮಾರಲಾಗದ ಕಟ್ಟೂ ಅದರಲ್ಲಿ ಒಟ್ಟಿಗೆ ಇರುತ್ತವೆ. ಆದುದರಿಂದ ವರ್ತಕನನ್ನು ಕೇವಲ ಶೋಷಕನೆಂದು ಬಣ್ಣಿಸುವ ಬರವಣಿಗೆಯು ಸಾಲದ ಮಾರುಕಟ್ಟೆಯ ಕುಂದನ್ನು ಸರಕಿನ ಮಾರುಕಟ್ಟೆಯ ಕುಂದೆಂದು ತಪ್ಪಾಗಿ ಓದುತ್ತದೆ.

ಕೊಳ್ಳುವವನು ಒಬ್ಬನೇ ಇದ್ದು ಮಾರುವವರು ಹಲವರಿರುವ ಸ್ಥಿತಿಗೆ ಜೋನ್ ರಾಬಿನ್‌ಸನ್ ಅವರು 1933ರ ತಮ್ಮ ಗ್ರಂಥದಲ್ಲಿ ‘ಮಾನಾಪ್ಸನಿ’ ಎಂಬ ಹೊಸ ಪದವನ್ನು ಬಳಸಿದರು. ಆ ಪದವನ್ನು ಗ್ರೀಕ್ ಮೂಲದಿಂದ ಟಂಕಿಸಲು ಅವರಿಗೆ ನೆರವಾದವರು ಕೇಂಬ್ರಿಜ್‌ನ ಪ್ರಾಚೀನ ಭಾಷಾ ವಿದ್ವಾಂಸರಾದ ಹಾಲ್‌ವರ್ಡ್ ಎಂಬುದು ಭಾಷೆಯ ಅಧ್ಯಯನದವರಿಗೆ ಕುತೂಹಲದ ಸಂಗತಿ. ಕನ್ನಡದಲ್ಲಿ ‘ಏಕಸ್ವಾಮ್ಯ’ ಎಂದರೆ ಮಾರುವವನದೇ ನೆನಪಾಗುವುದರಿಂದ ಇಲ್ಲಿ ‘ಕೊಳ್ಳುವವನ ಏಕಸ್ವಾಮ್ಯ’ ಎಂದು ಬಿಡಿಸಿ ಹೇಳಬೇಕಾಗಿದೆ.

ಒಂದು ಕಲ್ಪಿತ ಲೆಕ್ಕದಿಂದ ಇದನ್ನು ವಿವರಿಸಬಹುದು. ಒಂದು ಹಳ್ಳಿಯಲ್ಲಿ ಒಬ್ಬನೇ ವರ್ತಕನಿದ್ದಾನೆ. ಅವನಿಗೆ ಎಲ್ಲ ಖರ್ಚು ಕಳೆದು ಹೊರಗಿನ ಪೇಟೆಯಲ್ಲಿ ಕ್ವಿಂಟಲ್‌ಗೆ 12,000 ರೂಪಾಯಿ ದೊರೆಯುತ್ತದೆ. ಊರಿನವರು 9,000ಕ್ಕೆ 10 ಕ್ವಿಂಟಲ್, 10,000ಕ್ಕೆ 20, 11,000ಕ್ಕೆ 30, 12,000ಕ್ಕೆ 40 ಕ್ವಿಂಟಲ್ ಮಾರಲು ಸಿದ್ಧರಿದ್ದಾರೆ. ಉಳಿದುದನ್ನು ಕಾಯಿಯಾಗಿಯೇ ಮಾರಿಕೊಳ್ಳುತ್ತಾರೆ. ವರ್ತಕನ ಲಾಭವು ಕ್ರಮವಾಗಿ 30,000, 40,000, 30,000 ಮತ್ತು ಸೊನ್ನೆ. ಅವನು 10,000ದ ದರವನ್ನೇ ಆರಿಸುತ್ತಾನೆ. ಊರಿನಿಂದ 20 ಕ್ವಿಂಟಲ್ ಹೊರಡುತ್ತದೆ. ಹಲವು ವರ್ತಕರ ಪೈಪೋಟಿ ಇದ್ದಿದ್ದರೆ ದರ 12,000ಕ್ಕೆ ಏರಿ 40 ಕ್ವಿಂಟಲ್ ಹೊರಡುತ್ತಿತ್ತು. ಈಗ 11,000ಕ್ಕೆ ಕಡಿಮೆ ಕೊಳ್ಳಬಾರದೆಂಬ ನಿಯಮ ನಿಜವಾಗಿಯೂ ಜಾರಿಯಾದರೆ ವರ್ತಕನಿಗೆ ಉಳಿಯುವ ಉತ್ತಮ ಆಯ್ಕೆ 30 ಕ್ವಿಂಟಲ್ ಕೊಂಡು 30,000 ಲಾಭ ಪಡೆಯುವುದು. ಎಂದರೆ ದರವೂ ಏರಿತು, ವಹಿವಾಟೂ ಏರಿತು. ಕನಿಷ್ಠ ಬೆಲೆ ಗೊತ್ತುಮಾಡಿದರೆ ಸರಕು ಮಾರಾಟವಾಗದೆ ಉಳಿಯುತ್ತದೆ ಎಂಬ ಪಠ್ಯಪುಸ್ತಕದ ಎಚ್ಚರಿಕೆ ಇಲ್ಲಿ ಸಲ್ಲುವುದಿಲ್ಲ.

ಆದರೆ ಅದೇ ನಿಯಮ 13,000ಕ್ಕೆ ನಿಗದಿಯಾದರೆ ವರ್ತಕ ಕೊಳ್ಳುವುದನ್ನೇ ನಿಲ್ಲಿಸುತ್ತಾನೆ. ಹೊರಗಿನ ಪೇಟೆಯ ಬೇಡಿಕೆಯೇ ಕುಸಿದು 12,000 ಎಂಬುದು 8,000 ಆದಾಗಲೂ ಇದೇ ಪರಿಣಾಮ. ಮೊದಲನೆಯ ಸಂದರ್ಭದಲ್ಲಿ ಬೆಂಬಲ ಬೆಲೆಯು ಮಾರುಕಟ್ಟೆಯ ಕುಂದಿಗೆ ಮದ್ದು. ಎರಡನೆಯದರಲ್ಲಿ ಅದು ಬೊಕ್ಕಸದ ಹಣದಿಂದ ನೀಡುವ ವಿಮೆ. ಮೊದಲನೆಯದು ಯೋಗ, ಎರಡನೆಯದು ಕ್ಷೇಮ. ಎರಡೂ ಸಮರ್ಥನೀಯವೇ ಆದರೂ ಅವುಗಳ ವೆಚ್ಚ ಬೇರೆ, ಫಲ ಮುಟ್ಟುವ ಜನ ಬೇರೆ.

2023ರ ಕುಸಿತ

2021–22ರ ಸುಮಾರಿಗೆ ಕ್ವಿಂಟಲ್‌ಗೆ 17,000 ರೂಪಾಯಿಯ ಆಸುಪಾಸಿನಲ್ಲಿದ್ದ ಉಂಡೆ ಕೊಬ್ಬರಿಯ ದರ 2023ರ ಮಧ್ಯಭಾಗದ ವೇಳೆಗೆ 8,000ದ ಆಸುಪಾಸಿಗೆ ಇಳಿಯಿತು. ಆ ವರ್ಷ ಕೇಂದ್ರ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ 11,750. ರಾಜ್ಯ ಸರ್ಕಾರ ಅದಕ್ಕೆ 1,250 ರೂಪಾಯಿ ಸೇರಿಸಿತು. 2024ರ ಹಂಗಾಮಿಗೆ ಬೆಂಬಲ ಬೆಲೆ 12,000ಕ್ಕೂ ರಾಜ್ಯದ ಪ್ರೋತ್ಸಾಹಧನ 1,500ಕ್ಕೂ ಏರಿದವು. ಮಾರುಕಟ್ಟೆಯ ದರಕ್ಕೂ ಖರೀದಿ ಕೇಂದ್ರದ ದರಕ್ಕೂ ಇಷ್ಟು ಅಂತರವಿರುವಾಗ ಕೇಂದ್ರದ ಬಾಗಿಲಲ್ಲಿ ನೂಕುನುಗ್ಗಲಾಗುವುದು ಸಹಜ. 2024ರ ಫೆಬ್ರವರಿಯಲ್ಲಿ ಆರಂಭವಾದ ನೋಂದಣಿ ಕೆಲವೇ ದಿನಗಳಲ್ಲಿ ಮುಗಿಯಿತು. ನಕಲಿ ನೋಂದಣಿಯ ದೂರುಗಳು ಬಂದುದರಿಂದ ಅದನ್ನು ರದ್ದುಗೊಳಿಸಿ ಮಾರ್ಚ್‌ನಲ್ಲಿ ಹೊಸದಾಗಿ ನೋಂದಾಯಿಸಬೇಕಾಯಿತು.

ಇದನ್ನು ಆಡಳಿತದ ಲೋಪವೆಂದಷ್ಟೇ ಕಾಣುವುದು ಸಾಲದು. ಭಾರತದಲ್ಲಿ ಬೆಂಬಲ ಬೆಲೆಯು ಖಾಸಗಿ ವರ್ತಕನನ್ನು ಕಟ್ಟಿಹಾಕುವ ಕಾನೂನಲ್ಲ. ಅದು ನಫೆಡ್‌ನಂತಹ ಸಂಸ್ಥೆಯ ಮೂಲಕ ಸರ್ಕಾರ ತಾನೇ ಕೊಳ್ಳುವೆನೆಂದು ಮುಂದಿಡುವ ದರ. ಬೆಂಬಲ ಬೆಲೆ ಯೋಜನೆಯಡಿ ಖರೀದಿಗೆ ಒಟ್ಟು ಉತ್ಪಾದನೆಯ ಶೇ. 25ರ ಮಿತಿಯಿತ್ತು. ಒಬ್ಬ ರೈತನಿಂದ ಇಂತಿಷ್ಟೇ ಎಂಬ ಮಿತಿಯೂ ಇತ್ತು. ಆದ್ದರಿಂದ ಮೇಲಿನ ಲೆಕ್ಕದಲ್ಲಿ ಕಂಡ ‘ನಿಜವಾಗಿ ಜಾರಿಯಾದ ಕನಿಷ್ಠ ಬೆಲೆ’ ಇಲ್ಲಿ ಇರಲಿಲ್ಲ. ಆದರೂ ಖರೀದಿ ಕೇಂದ್ರವು ಕೊಂಡ ಸರಕಿನ ಆಚೆಗೂ ಕೆಲಸ ಮಾಡಬಲ್ಲದು. ‘ಬೇಡವಾದರೆ ಕೇಂದ್ರಕ್ಕೆ ಹಾಕುತ್ತೇನೆ’ ಎಂದು ಹೇಳಬಲ್ಲ ರೈತನಿಗೆ ವರ್ತಕನೂ ದರ ಏರಿಸಬೇಕಾಗುತ್ತದೆ. ಹಾಗೆ ಹೇಳಬಲ್ಲವರು ಯಾರು ಎಂಬುದೇ ನಿರ್ಣಾಯಕ ಪ್ರಶ್ನೆ.

ಹೇಳಲಾರದವರನ್ನು ಗುರುತಿಸುವುದು ಕಷ್ಟವಲ್ಲ. ನೋಂದಣಿಗೆ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಅದಕ್ಕೆ ಪಹಣಿ ಬೇಕು. ತೀರಿಕೊಂಡ ತಂದೆಯ ಅಥವಾ ತಾತನ ಹೆಸರಿನಲ್ಲಿಯೇ ಖಾತೆ ಉಳಿದು, ಅಣ್ಣತಮ್ಮಂದಿರು ಬಾಯಿಮಾತಿನ ಪಾಲಿನಲ್ಲಿ ತೋಟ ಮಾಡುತ್ತಿರುವ ಮನೆಗಳಿವೆ. ವಾರಕ್ಕೆ, ಗುತ್ತಿಗೆಗೆ ತೋಟ ನೋಡಿಕೊಳ್ಳುವವರಿದ್ದಾರೆ. ಮುಂಗಡ ಪಡೆದವರ ಸರಕು ಅಟ್ಟದಲ್ಲಿರುವಾಗಲೇ ಮತ್ತೊಬ್ಬರದಾಗಿರುತ್ತದೆ. ಕಾಯಿಯಾಗಿಯೇ ಮಾರುವವರು ಕೊಬ್ಬರಿಯ ಬೆಂಬಲ ಬೆಲೆಯ ಲೆಕ್ಕದೊಳಗೆ ನೇರವಾಗಿ ಬರುವುದೇ ಇಲ್ಲ. ವರ್ತಕನ ಏಕಸ್ವಾಮ್ಯ ಯಾರ ಮೇಲೆ ಹೆಚ್ಚು ಬಿಗಿಯಾಗಿದೆಯೋ ಅವರೇ ಖರೀದಿ ಕೇಂದ್ರದಿಂದ ಹೆಚ್ಚು ದೂರದಲ್ಲಿದ್ದಾರೆ. ‘ಅಟ್ಟಕ್ಕೆ ಹಾರದವನು ಬೆಟ್ಟಕ್ಕೆ ಹಾರುವನೇ’ ಎಂಬ ಗಾದೆಯನ್ನು ಇಲ್ಲಿ ಸ್ವಲ್ಪ ಬೇರೆ ಅರ್ಥದಲ್ಲಿ ನೆನೆಯಬಹುದು.

ಒಂದು ಕುಂದನ್ನು ತೆಗೆದಾಗ

ಕರ್ನಾಟಕದಲ್ಲಿ ಮಾರುಕಟ್ಟೆಯ ನಿಯಂತ್ರಣಕ್ಕೆ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಆಧಾರ. ತುಮಕೂರಿನ ಬಟವಾಡಿಯಲ್ಲಿರುವ ಮಾರುಕಟ್ಟೆ ಪ್ರಾಂಗಣವೂ ಗುಬ್ಬಿ, ಕುಣಿಗಲ್ಲಿನ ಪ್ರಾಂಗಣಗಳೂ ಅದರ ಅಡಿಯಲ್ಲಿಯೇ ಬರುತ್ತವೆ. ಬಹಿರಂಗ ಹರಾಜು, ಸರಿಯಾದ ತೂಕ, ಪರವಾನಗಿ ಪಡೆದ ವರ್ತಕ, ದಾಖಲಾದ ದರ ಇವು ಕಾಯ್ದೆಯ ಕೊಡುಗೆಗಳು. ಕಾಲಕ್ರಮದಲ್ಲಿ ಪ್ರಾಂಗಣದೊಳಗೆ ಹೊಸ ವರ್ತಕರು ಬರುವುದು ಕಷ್ಟವಾಗಿ, ಕಾಯ್ದೆಯೇ ಕೆಲವರ ಕೋಟೆಯಾಯಿತು ಎಂಬ ಟೀಕೆಯೂ ಹುಟ್ಟಿತು. ಈ ಟೀಕೆಗೆ ರಾಜ್ಯವು ಎರಡು ಬಗೆಯ ಉತ್ತರಗಳನ್ನು ಕೊಟ್ಟಿತೆಂಬುದು ಗಮನಾರ್ಹ.

2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆ ಮೊದಲನೆಯ ಉತ್ತರ. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸಮೂಹದ ಸಂಸ್ಥೆಯೊಂದು ಸೇರಿ ರಚಿಸಿದ ಕಂಪನಿಯ ಮೂಲಕ ಪ್ರಾಂಗಣಗಳನ್ನು ಗಣಕಜಾಲದಿಂದ ಬೆಸೆಯಲಾಯಿತು. ಒಂದೇ ಪರವಾನಗಿಯಿಂದ ಹಲವು ಮಾರುಕಟ್ಟೆಗಳಲ್ಲಿ ಬೆಲೆ ಕೂಗಲು ಅವಕಾಶವಾಯಿತು. ಇಲ್ಲಿ ನಿಯಮ ಉಳಿಯಿತು, ಪೈಪೋಟಿ ಹೆಚ್ಚಿತು. 2020ರಲ್ಲಿ ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಲೆವಿ, ರಾಜನ್, ಸಿಂಘ್ವಿ ಮತ್ತು ಝೆಂಗ್ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ವೇದಿಕೆಯಿಂದ ಭತ್ತದ ದರ ಶೇ. 5.1, ನೆಲಗಡಲೆಯದು ಶೇ. 3.6, ಮೆಕ್ಕೆಜೋಳದ್ದು ಶೇ. 3.5ರಷ್ಟು ಹೆಚ್ಚಿತು. ಎಲ್ಲ ಬೆಳೆಗಳಿಗೂ ಹೀಗಾಗಲಿಲ್ಲ. ಗುಣಮಟ್ಟವನ್ನು ಕಣ್ಣಿಂದ ನೋಡಿಯೇ ತಿಳಿಯಬೇಕಾದ ಸರಕಿಗೆ ದೂರದ ಖರೀದಿದಾರ ಧೈರ್ಯದಿಂದ ಬೆಲೆ ಕೂಗಲಾರ.

2020ರ ತಿದ್ದುಪಡಿ ಎರಡನೆಯ ಉತ್ತರ. ಆ ವರ್ಷದ ಮೇ ತಿಂಗಳ ಸುಗ್ರೀವಾಜ್ಞೆಯಿಂದ ಪ್ರಾಂಗಣದ ಹೊರಗಿನ ವಹಿವಾಟು ಮುಕ್ತವಾಯಿತು, ಶೇ. 1.5ರಷ್ಟಿದ್ದ ಮಾರುಕಟ್ಟೆ ಶುಲ್ಕವನ್ನೂ ಇಳಿಸಲಾಯಿತು. ಕೇಂದ್ರದ ಮೂರು ಕಾಯ್ದೆಗಳೂ ಅದೇ ವರ್ಷ ಬಂದು 2021ರ ನವೆಂಬರ್‌ನಲ್ಲಿ ರದ್ದಾದವು. ರಾಜ್ಯದ ತಿದ್ದುಪಡಿಯನ್ನು ಹಿಂತೆಗೆಯುವ ಮಸೂದೆಗೆ ವಿಧಾನಸಭೆ 2023ರ ಜುಲೈಯಲ್ಲಿ ಒಪ್ಪಿಗೆ ನೀಡಿತು. ಶುಲ್ಕವೂ ನಿರ್ಬಂಧವೂ ಮಾರುಕಟ್ಟೆಯ ಕುಂದುಗಳೇ, ಅವುಗಳನ್ನು ತೆಗೆದರೆ ಯೋಗಕ್ಷೇಮ ಹೆಚ್ಚುತ್ತದೆ ಎಂಬುದು ತಿದ್ದುಪಡಿಯ ಹಿಂದಿನ ತರ್ಕ. ಲಿಪ್ಸಿ–ಲ್ಯಾಂಕಾಸ್ಟರ್ ಅವರ ಎಚ್ಚರಿಕೆ ಇಲ್ಲಿಗೇ ಸಲ್ಲುತ್ತದೆ. ಸರಕು ಹೊರಗೆ ಹೋದರೆ ಪ್ರಾಂಗಣದ ಹರಾಜು ತೆಳುವಾಗುತ್ತದೆ; ಹರಾಜು ತೆಳುವಾದರೆ ದಾಖಲಾದ ದರಕ್ಕೆ ನಂಬಿಕೆ ಉಳಿಯುವುದಿಲ್ಲ. ಹಳ್ಳಿಯಲ್ಲಿ ಮನೆಬಾಗಿಲಿಗೆ ಬಂದ ವರ್ತಕನೊಡನೆ ಚೌಕಾಸಿ ಮಾಡುವ ರೈತನ ಬೆನ್ನಿಗಿದ್ದುದು ಆ ದರವೇ. ಪ್ರಾಂಗಣವನ್ನು ಎಂದೂ ಮೆಟ್ಟದವನಿಗೂ ಅದು ದೂರದಿಂದ ಉಪಕಾರ ಮಾಡುತ್ತಿತ್ತು. ಸಾಲದ ಕಟ್ಟು, ಮಾಹಿತಿಯ ಕೊರತೆ ಹಾಗೆಯೇ ಇರುವಾಗ ಶುಲ್ಕವನ್ನಷ್ಟೇ ತೆಗೆದುದರಿಂದ ಉಳಿಯುವ ಹಣ ಯಾರ ಪಾಲಾಗುತ್ತದೆ ಎಂಬುದನ್ನು ಚೌಕಾಸಿಯ ಬಲವೇ ನಿರ್ಧರಿಸುತ್ತದೆ.

ಇದೇ ಪರಿಸರದ ಬೇರೆ ಎರಡು ಉದಾಹರಣೆಗಳು ಬೇರೆ ದಾರಿಯನ್ನು ತೋರುತ್ತವೆ. ಹಾಲು ಅಟ್ಟದಲ್ಲಿ ಇಡಲಾಗದ ಸರಕು; ಕೊಳ್ಳುವವನ ಏಕಸ್ವಾಮ್ಯಕ್ಕೆ ಅದಕ್ಕಿಂತ ಸುಲಭವಾದ ತುತ್ತು ಇಲ್ಲ. ಹಳ್ಳಿಯ ಹಾಲು ಉತ್ಪಾದಕರ ಸಂಘಗಳು ಮತ್ತು ಮಲ್ಲಸಂದ್ರದಲ್ಲಿ ಡೇರಿಯನ್ನು ಹೊಂದಿರುವ ತುಮಕೂರು ಹಾಲು ಒಕ್ಕೂಟ ಈ ಸ್ಥಿತಿಯನ್ನು ಬದಲಿಸಿದವು. ಕೊಳ್ಳುವ ಸಂಸ್ಥೆ ಒಂದೇ ಆದರೂ ಅದರ ಒಡೆಯರು ಮಾರುವವರೇ; ಗುಣಮಟ್ಟವನ್ನು ಜಿಡ್ಡಿನಂಶದ ಅಳತೆಯಿಂದ ಎದುರಿಗೇ ಗೊತ್ತುಮಾಡಲಾಗುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಪೇಟೆಗೆ ಹೆಸರಾದುದು. ಬೀಜದಿಂದ ಬೆಳೆದ ಹಲಸಿನ ರುಚಿ ಕೊಯ್ಯುವವರೆಗೆ ತಿಳಿಯದು. ಅಕರ್ಲಾಫ್ ಅವರು 1970ರಲ್ಲಿ ಹಳೆಯ ಕಾರುಗಳನ್ನು ಕುರಿತು ಹೇಳಿದ ಮಾತು ಇಲ್ಲಿಗೂ ಹೊಂದುತ್ತದೆ: ಗುಣ ತಿಳಿಯದಿರುವಾಗ ಕೊಳ್ಳುವವನು ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾನೆ, ಒಳ್ಳೆಯ ಹಣ್ಣಿನ ಒಡೆಯನಿಗೆ ಅದರಿಂದ ನಷ್ಟ. ಚೇಳೂರಿನ ತೋಟವೊಂದರ ಕೆಂಪು ತೊಳೆಯ ಹಲಸನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ‘ಸಿದ್ದು’ ಎಂಬ ಹೆಸರಿನಲ್ಲಿ ಗುರುತಿಸಿ, ಕಸಿ ಗಿಡಗಳ ಮಾರಾಟದಲ್ಲಿ ರೈತನಿಗೂ ಪಾಲು ದೊರೆಯುವಂತೆ ಮಾಡಿತು. ಹೆಸರೇ ಇಲ್ಲಿ ಮಾಹಿತಿಯಾಯಿತು. ಇದಕ್ಕೆ ಬೆಂಬಲ ಬೆಲೆಯ ಅಗತ್ಯ ಬೀಳಲಿಲ್ಲ.

ಕೊಬ್ಬರಿಗೆ ಮರಳುವುದಾದರೆ, 2025ರ ಮಧ್ಯದ ವೇಳೆಗೆ ತಿಪಟೂರಿನ ದರ 25,000 ರೂಪಾಯಿಯನ್ನು ದಾಟಿತು. ಆ ವರ್ಷದ ಬೆಂಬಲ ಬೆಲೆ 12,100. ಖರೀದಿ ಕೇಂದ್ರದ ಅಗತ್ಯವೇ ಕಾಣಲಿಲ್ಲ. ಎರಡು ವರ್ಷಗಳ ಸರಾಸರಿಯನ್ನು ತೆಗೆದುಕೊಂಡರೆ ಬೆಳೆಗಾರರಿಗೆ ನಷ್ಟವಾಗಿಲ್ಲವೆಂದು ಕಾಲ್ಡೋರ್–ಹಿಕ್ಸ್ ಪರೀಕ್ಷೆಯ ಧಾಟಿಯಲ್ಲಿ ವಾದಿಸಬಹುದು. ಆದರೆ ಆ ಸರಾಸರಿಯನ್ನು ಪಡೆದವನು ಎರಡೂ ವರ್ಷ ಫಸಲು ಕೈಯಲ್ಲಿದ್ದವನು ಮಾತ್ರ. 2023ರಲ್ಲಿ ಅಟ್ಟ ಖಾಲಿ ಮಾಡಿ ಮುಂಗಡ ತೀರಿಸಿದವನಿಗೆ, ಅನಂತರ ಬರ ಮತ್ತು ಕೀಟಬಾಧೆಯಿಂದ ಇಳುವರಿ ಕುಗ್ಗಿದ ತೋಟದವನಿಗೆ 2025ರ ದರವು ಸುದ್ದಿಯಾಗಿಯಷ್ಟೇ ತಲುಪಿತು. ಇಂತಹವನ ವಿಷಯದಲ್ಲಿ ಮಾಡಬೇಕಾದ ಕೆಲಸವು ದರ ನಿಗದಿಗಿಂತ ಮೊದಲು ಬರುತ್ತದೆ: ಅಟ್ಟದಲ್ಲಿರುವ ಕಾಯಿಯ ಮೇಲೆ ಸಹಕಾರ ಸಂಘದಿಂದ ಸಕಾಲಕ್ಕೆ ಸಾಲ, ಮತ್ತು ತಾಲ್ಲೂಕು ಕಚೇರಿಯಲ್ಲಿ ಬಾಕಿ ಉಳಿದಿರುವ ಪೌತಿ ಖಾತೆ. ಎರಡನೆಯದನ್ನು ಕಂದಾಯ ಇಲಾಖೆಯ ಕೆಲಸವೆಂದು ಭಾವಿಸಿರುವುದರಿಂದ ಕೃಷಿ ಬೆಲೆ ನೀತಿಯ ಚರ್ಚೆಗಳಲ್ಲಿ ಅದರ ಪ್ರಸ್ತಾಪ ಅಪರೂಪ.